ನೂರನೇ ಬಾಣ

ಎತೆಲ್ಕಾ ಹಂದಿಕೊಬ್ಬಿನ ಬಟ್ಟಲನ್ನು ಗಂಡನಿಗೆ ಕಾಣುವ ಹಾಗೆ ಬೆಂಚಿನ ಮೇಲಿಟ್ಟು, ಬಲಗೈ ಹೆಬ್ಬೆರಳನ್ನು ಗೆಣ್ಣಿನವರೆಗೆ ಅದರಲ್ಲಿ ಅದ್ದಿದಳು. ಕೊಂಬಿನ ತುಂಡು ಬಿಳಿ ಬಟ್ಟೆಯ ಮೇಲೆ ಒಣಗುತ್ತಿತ್ತು. ಅರ್ಧ ಗಂಟೆ ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ ಇಟ್ಟವಳು ಅವಳೇ. ಈಗ ಅದನ್ನು ಎತ್ತಿಕೊಂಡು, ಅಂಟು ಹಚ್ಚಬೇಕಾದ ಮುಖದ ಮೇಲೆ ಹೆಬ್ಬೆರಳನ್ನು ಒತ್ತಿದಳು. ಅವಸರ ಮಾಡಲಿಲ್ಲ. ರುಜು ಬಾರದವರು ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಹಾಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿಸಿ ಒತ್ತಿದಳು.

"ನೋಡಿದ್ಯಾ?" ಎಂದಳು.

ಒಲೆಯ ಪಕ್ಕದ ಗಾಲಿಕುರ್ಚಿಯಲ್ಲಿದ್ದ ಮಿಕ್ಷಾನ ಎಡಗಣ್ಣು ಅಗಲವಾಯಿತು. ಬಲಗಣ್ಣು ಫೆಬ್ರವರಿಯಿಂದ ಅರ್ಧ ಮುಚ್ಚಿಯೇ ಇತ್ತು. ಆ ಕಡೆಯ ಕೆನ್ನೆ, ತುಟಿ, ಕೈ ಎಲ್ಲವೂ ಮೊಳೆ ಕಳಚಿದ ಹಲಗೆಯ ಹಾಗೆ ಜೋತುಬಿದ್ದಿದ್ದವು. ಅವನ ಎಡಗೈ ಕುರ್ಚಿಯ ತೋಳನ್ನು ಹಿಡಿಯಿತು. ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿತು.

"ಸರಿ," ಎಂದ.

"ಸರಿ ಅಲ್ವಾ? ನೀನೇ ಅಂದ್ಮೇಲೆ ಮುಗೀತು."

ಎರಡು ಡಬ್ಬಗಳಿಂದ ಅಂಟನ್ನು ಸಮಸಮವಾಗಿ ತೆಗೆದು ಕಡ್ಡಿಯಲ್ಲಿ ಕಲಸಿದಳು. ಜಿಡ್ಡಿನ ಮೇಲೆಯೇ ಅದನ್ನು ಬಳಿದು, ಬಿಲ್ಲಿನ ಮೇಲ್ತುದಿಗೆ ಕೊಂಬನ್ನು ಕೂರಿಸಿ ಎರಡು ಕ್ಲಾಂಪು ಬಿಗಿದಳು. ಅಂಚಿನಲ್ಲಿ ಜಿನುಗಿದ ಅಂಟನ್ನು ಚಾಕುವಿನಿಂದ ಕೆರೆದು ತೆಗೆದಳು. ಹೊರಗಿನಿಂದ ನೋಡಿದವರಿಗೆ ಅದು ಚೊಕ್ಕ ಕೆಲಸ. ಮಿಕ್ಷಾನ ಎಡಗಾಲು ನೆಲವನ್ನು ಒದೆಯುತ್ತಿತ್ತು.

"ಸರಿ! ಸರಿ! ಸರಿ!"

ಆ ಒಂದು ಮಾತನ್ನು ಬಿಟ್ಟು ಅವನ ಬಾಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಲಕ್ವ ಹೊಡೆದು, ಮರ ಬಿಗಿಯುವ ವೈಸಿನ ಮುಂದೆ ಕುಸಿದುಬಿದ್ದವನನ್ನು ಕೆಚ್‌ಕೆಮೇತ್ ಪಟ್ಟಣದ ಆಸ್ಪತ್ರೆಗೆ ಒಯ್ದ ಮೂರನೇ ದಿನ ಅವನು ಮೊದಲು ಆಡಿದ ಮಾತೂ ಅದೇ. ಕೆಲವರಿಗೆ ಹೀಗೆ ಒಂದೇ ಮಾತು ಉಳಿದುಬಿಡುತ್ತದೆ, ಬೇಡ ಅನ್ನಲಿಕ್ಕೂ ಬೇಕು ಅನ್ನಲಿಕ್ಕೂ ಅದನ್ನೇ ಅನ್ನುತ್ತಾರೆ ಎಂದು ಡಾಕ್ಟರು ವಿವರಿಸಿದ್ದರು. "ಕೆಲವರಿಗೆ ಬೈಗುಳ ಉಳಿಯುತ್ತಮ್ಮಾ. ನಿಮ್ಮವರಿಗೆ ಒಳ್ಳೇ ಮಾತೇ ಉಳಿದಿದೆ." ಎತೆಲ್ಕಾ ಹೊರಗೆ ಹೋಗಿ ಗೋಡೆಗೆ ಒರಗಿ ನಕ್ಕಳು. ಭುಜ ಕುಲುಕುವುದನ್ನು ನೋಡಿದ ದಾದಿ, ಅಳುತ್ತಿದ್ದಾಳೆಂದುಕೊಂಡು ನೀರು ತಂದುಕೊಟ್ಟಿದ್ದಳು.

ಮದುವೆಯಾಗಿ ಮೂವತ್ತನಾಲ್ಕು ವರ್ಷ. ಅಷ್ಟರಲ್ಲಿ ಮಿಕ್ಷಾ ಯಾವುದಕ್ಕೂ ಸರಿ ಅಂದದ್ದನ್ನು ಅವಳು ಕೇಳಿರಲಿಲ್ಲ. ಸಾರಿಗೆ ಅನ್ನಲಿಲ್ಲ, ಹವೆಗೆ ಅನ್ನಲಿಲ್ಲ, ತಾನೇ ಮಾಡಿದ ಬಿಲ್ಲಿಗೂ ಅನ್ನಲಿಲ್ಲ. ಮೊದಲು ಅವನು ಸಹಕಾರಿ ಬೇಸಾಯ ಸಂಘದಲ್ಲಿ ಬಡಗಿ. ಆಮೇಲೆ ಬಿಲ್ಲಿಗೆ ಕೈಹಾಕಿದ. ಮೇಪಲ್, ಅಕೇಸಿಯಾ ಮರಗಳನ್ನು ತೆಳ್ಳಗೆ ಸೀಳಿ, ಪಟ್ಟಿಯ ಮೇಲೆ ಪಟ್ಟಿ ಅಂಟಿಸಿ, ಅಚ್ಚಿಗೆ ಬಿಗಿದು ಅವನು ಬಾಗಿಸಿದ ಬಿಲ್ಲಿಗಾಗಿ ಕುದುರೆ ಮೇಲಿನಿಂದ ಬಾಣ ಬಿಡುವವರು ಆಚೆ ದೇಶದಿಂದಲೂ ಬರುತ್ತಿದ್ದರು. ಈಗಿನ ಹೆದೆ ಹಾಳಾದ್ದು, ಮರವನ್ನು ಕೊಯ್ದುಬಿಡುತ್ತದೆ. ಅದಕ್ಕೇ ಹೆದೆ ಕೂರುವ ಎರಡು ತುದಿಗೂ ಬೂದು ಎತ್ತಿನ ಕೊಂಬಿನ ಹೊದಿಕೆ. ಮಿಕ್ಷಾನ ಬಿಲ್ಲನ್ನು ದೂರದಿಂದ ಗುರುತಿಸುತ್ತಿದ್ದದ್ದು ಆ ಕಪ್ಪು ತುದಿಗಳಿಂದಲೇ.

ಕಸಾಯಿಖಾನೆಯಿಂದ ಬರುವ ಕೊಂಬುಗಳನ್ನು ಹಿತ್ತಿಲಲ್ಲಿ ಕುದಿಸಿ, ಒಳಗಿನ ಮೂಳೆ ಕಿತ್ತು, ಕೆರೆದು ಕೊಡುವುದು ಎತೆಲ್ಕಾಳ ಪಾಲು. ಆ ನಾತಕ್ಕೆ ಬೀದಿಯ ಹೆಂಗಸರು ತಲೆವಸ್ತ್ರವನ್ನು ಮೂಗಿಗೆ ಹಿಡಿದು ಓಡುತ್ತಿದ್ದರು. ಅಂಟಿಸುವ ಹೊತ್ತಿಗೆ ಮಾತ್ರ ಅವಳು ಬಾಗಿಲ ಆಚೆ ಇರಬೇಕು.

"ಏ ಜಿಡ್ಡುಗೈ! ಮುಟ್ಟಬೇಡ್ವೇ ಅದನ್ನ!"

"ನಾನು ಅಂಚು ಹಿಡ್ಕೊಂಡಿದ್ದೆ ಅಷ್ಟೇರೀ. ನೀವೇ ನೋಡಿ."

"ಎದುರು ಮಾತಾಡ್ತೀಯಾ? ತಲೆ ಮೇಲೆ ಕೊಂಬು ಬಂದಿದ್ಯಾ? ಬಂದ್ರೆ ಹೇಳು, ಕುಯ್ದು ಬಿಲ್ಲಿಗೆ ಹಾಕ್ತೀನಿ."

ಒಂದು ಸಲ ಆರೇಳು ಜನ ಗಿರಾಕಿಗಳ ಮುಂದೆ ಅವಳ ಕೈಯನ್ನು ಎಳೆದುಕೊಂಡು, ಹೆಬ್ಬೆರಳನ್ನು ಪತ್ರಿಕೆಯ ಅಂಚಿಗೆ ಒತ್ತಿಸಿದ. ಅವಳು ಹಂದಿಚರ್ಮದ ಚೂರು ಹಾಕಿ ಬಿಲ್ಲೆ ರೊಟ್ಟಿ ನಾದುತ್ತಿದ್ದವಳು, ಅವರಿಗೆಂದೇ. ಕಾಗದದ ಮೇಲೆ ಎಣ್ಣೆಕಲೆ ಮೂಡಿತು. ಅದನ್ನು ಕತ್ತರಿಸಿ ವೈಸಿನ ಮೇಲಿನ ಗೋಡೆಗೆ ಮೊಳೆ ಹೊಡೆದ. "ನಮ್ಮನೆ ಮಹಾರಾಣಿಯ ರುಜು. ಇದು ಬಿದ್ದ ಕಡೆ ಅಂಟು ನಿಲ್ಲೋಲ್ಲ. ಮೊದಲ ದಿನ ಗೊತ್ತಾಗಲ್ಲ ಕಣ್ರಪ್ಪ, ಮೂರನೇ ದಿನವೂ ಗೊತ್ತಾಗಲ್ಲ. ನೂರನೇ ಬಾಣಕ್ಕೆ ತುದಿ ಹಾರುತ್ತೆ. ಆಗ ನಿಮ್ಮ ಮುಖ ಪಕ್ಕದಲ್ಲೇ ಇರುತ್ತೆ." ಎಲ್ಲರಿಗಿಂತ ಜೋರಾಗಿ ನಕ್ಕವನು ಚೊಂಗೋರ್. ಆಗ ಅವನು ಮಿಕ್ಷಾನ ಹತ್ತಿರ ಕೆಲಸ ಕಲಿಯುತ್ತಿದ್ದ. ನಗುತ್ತಲೇ ಅವಳ ತಟ್ಟೆಯಿಂದ ನಾಲ್ಕನೇ ರೊಟ್ಟಿ ಎತ್ತಿಕೊಂಡಿದ್ದ. ಆ ಕಾಗದ ಹಳದಿಯಾಗಿ ಇನ್ನೂ ಗೋಡೆಯ ಮೇಲೇ ಇತ್ತು.

ಮಿಕ್ಷಾ ಆಸ್ಪತ್ರೆಯಿಂದ ಮರಳಿದ ದಿನವೇ ಎತೆಲ್ಕಾ "ನೀವು" ಬಿಟ್ಟು "ನೀನು" ಹಿಡಿದಳು. ಹಾಗೆಂದು ಯೋಚಿಸಿ ಹಿಡಿದದ್ದಲ್ಲ. ಒದ್ದೆ ಚಡ್ಡಿ ಬಿಚ್ಚುವಾಗ "ಕಾಲೆತ್ತು" ಎಂದು ಬಂತು, ಹಾಗೆಯೇ ಉಳಿಯಿತು.

ಕೆಲಸದ ಮನೆಯಲ್ಲಿ ಆರು ಬಿಲ್ಲು ಅರ್ಧಕ್ಕೆ ನಿಂತಿದ್ದವು. ಅವನನ್ನು ಒಲೆಯ ಪಕ್ಕ ಕೂರಿಸಿಕೊಂಡು ಅವಳು ಒಂದೊಂದನ್ನೇ ಕೈಗೆತ್ತಿಕೊಂಡಳು. ಬಾಗಿಲ ಸಂದಿಯಿಂದ ಇಪ್ಪತ್ತೆರಡು ವರ್ಷ ನೋಡಿದ್ದು ವ್ಯರ್ಥವಾಗಿರಲಿಲ್ಲ. ಮೊದಲ ತುದಿ ಸುತ್ತಿಗೆಯ ಪೆಟ್ಟಿಗೆ ಹಾರಿಹೋಯಿತು. ಎರಡನೆಯದರಲ್ಲಿ ಹೆದೆ ಕೂರುವ ಕಚ್ಚು ಓರೆಯಾಯಿತು. ಐದನೆಯದು ಮಾತ್ರ ಚೆನ್ನಾಗಿ ಬಂತು. ಮರ ಎಲ್ಲಿ ಮುಗಿದು ಕೊಂಬು ಎಲ್ಲಿ ಶುರುವಾಯಿತು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಬೂದಿ ಹಾಕಿ ಉಜ್ಜಿದ ಮೇಲೆ ಒಲೆಯ ಬೆಂಕಿ ಅದರಲ್ಲಿ ಕಾಣಿಸಿತು. ಅವಳಿಗೆ ಏನನ್ನಿಸಿತೋ, ಬಿಲ್ಲನ್ನು ಒಯ್ದು ಅವನ ತೊಡೆಯ ಮೇಲಿಟ್ಟಳು.

"ಹೇಗಿದೆ?"

ಮಿಕ್ಷಾ ಎಡಗೈಯಲ್ಲಿ ತುದಿಯನ್ನು ಹಿಡಿದು ತುಂಬ ಹೊತ್ತು ನೋಡಿದ. ಅಂಟಿನ ಗೆರೆಯ ಮೇಲೆ ಉಗುರು ಎಳೆದ. ಆಮೇಲೆ ಅದನ್ನು ತನ್ನ ಪ್ಯಾಂಟಿಗೆ ಒರೆಸಿದ, ಜಿಡ್ಡು ಒರೆಸುವ ಹಾಗೆ, ಒಮ್ಮೆ, ಇನ್ನೊಮ್ಮೆ. ಸರಿಯಾಗಿದ್ದ ಅರ್ಧ ತುಟಿ ಮೇಲಕ್ಕೆ ಹೋಯಿತು. ಅವಳ ಕಣ್ಣನ್ನೇ ನೋಡುತ್ತ ಬಿಲ್ಲನ್ನು ಬೂದಿ ಬಕೀಟಿಗೆ ಜಾರಿಸಿದ.

"ಸರಿ," ಎಂದ.

ಎತೆಲ್ಕಾ ಬಿಲ್ಲನ್ನು ಎತ್ತಿ ಬೂದಿ ಕೊಡವಿದಳು. ಅದಾದ ಮೂರು ದಿನಕ್ಕೆ, ಬುಧವಾರ, ಆರನೆಯ ಬಿಲ್ಲನ್ನು ಬೆಂಚಿಗೆ ತಂದಳು. ಅದು ಮಿಕ್ಷಾ ಬೀಳುವ ಮೊದಲು ಮಾಡಿದ ಕೊನೆಯದು. ಒಂಬತ್ತು ಪಟ್ಟಿಗಳದ್ದು. ತುದಿಗೆಂದು ನಾಲ್ಕು ವರ್ಷ ಅಟ್ಟದಲ್ಲಿ ಒಣಗಿಸಿದ ಕೊಂಬು. ಚೊಂಗೋರನಿಗಾಗಿ ಮಾಡಿದ್ದು. ಪೆಂತೆಕೋಸ್ತ್ ಹಬ್ಬದ ಬಿಲ್ಲುಪಂದ್ಯಕ್ಕೆ ಅವನು ಅದನ್ನೇ ಕಾಯುತ್ತಿದ್ದ. ಕೆಳತುದಿಯನ್ನು ಅವಳು ಕ್ರಮವಾಗಿಯೇ ಕೂರಿಸಿದಳು. ಮೇಲ್ತುದಿಯ ಸರದಿ ಬಂದಾಗ ಅಡಿಗೆಮನೆಗೆ ಹೋಗಿ ಕೊಬ್ಬಿನ ಬಟ್ಟಲನ್ನು ತಂದಳು.

ಗುರುವಾರ ಬೆಳಿಗ್ಗೆ ನರ್ಸಮ್ಮ ಬಂದು ಮಿಕ್ಷಾನಿಗೆ ಸ್ನಾನ ಮಾಡಿಸುವ ದಿನ. ಅವಳು ಅವನನ್ನು ಒಳಮನೆಗೆ ತಳ್ಳಿಕೊಂಡು ಹೋಗುತ್ತಲೇ ಎತೆಲ್ಕಾ ಕೆಲಸದ ಮನೆಯ ಅಗುಳಿ ಹಾಕಿದಳು. ಕ್ಲಾಂಪು ಬಿಚ್ಚಿ, ಒಲೆಯ ಮೇಲೆ ಕಾಯಿಸಿದ ಚಾಕುವನ್ನು ಅಂಟಿನ ಗೆರೆಗೆ ಇಟ್ಟಳು. ಒತ್ತುವುದೇ ಬೇಕಾಗಲಿಲ್ಲ. ಕೊಂಬು ಮಾಗಿದ ಹಣ್ಣಿನ ತೊಟ್ಟಿನಂತೆ ಕಳಚಿಕೊಂಡು ಬಂತು. ಅದರ ಒಳಮುಖದಲ್ಲಿ ಅವಳ ಹೆಬ್ಬೆರಳಿನ ಗೆರೆಗಳು ಮೊಹರು ಹಾಕಿದಂತೆ ಸ್ಪಷ್ಟವಾಗಿದ್ದವು. ಹಾಳು ಮುದುಕ ಹೇಳುತ್ತಿದ್ದದ್ದು ನಿಜವೇ, ಅಂಟು ಹಿಡಿದೇ ಇರಲಿಲ್ಲ.

ಚೊಂಗೋರನಿಗೆ ಎರಡು ಸಣ್ಣ ಮಕ್ಕಳಿದ್ದಾರೆ ಎಂಬುದು ಅವಳಿಗೆ ನೆನಪಿರಲಿಲ್ಲವೆಂದಲ್ಲ. ಅವನ ಕಣ್ಣು ತೆಗೆಯಬೇಕೆಂದು ಅವಳು ಒಂದು ಗಳಿಗೆಯೂ ಅಂದುಕೊಂಡಿರಲಿಲ್ಲ. ಆದರೆ ನಸುಕಿನಿಂದ ಅವಳನ್ನು ಕಾಡಿದ್ದು ಅದಲ್ಲ. ಕೆಟ್ಟ ಬೆಸುಗೆಯೊಂದು ತನ್ನ ಬೆಂಚಿನ ಮೇಲಿದೆ ಎನ್ನುವುದು. ಹಳೆಯ ಅಂಟನ್ನು ಉಳಿಯಿಂದ ಕೆರೆದಳು, ಒರಟು ಕಾಗದದಲ್ಲಿ ಉಜ್ಜಿದಳು, ಸ್ಪಿರಿಟ್ಟಿನಲ್ಲಿ ಮೂರು ಸಲ, ಮೂರು ಬೇರೆ ಬಟ್ಟೆಯಲ್ಲಿ ಒರೆಸಿದಳು. ಹೊಸ ಅಂಟು ಕಲಸಿ, ಅಂಚನ್ನು ಮಾತ್ರ ಹಿಡಿದು ಕೂರಿಸಿ, ಕ್ಲಾಂಪುಗಳನ್ನು ಮೊದಲಿದ್ದ ಜಾಗದಲ್ಲೇ, ಹಿಡಿ ಅದೇ ದಿಕ್ಕಿಗೆ ಬರುವಂತೆ ಬಿಗಿದಳು. ನರ್ಸಮ್ಮ ಮಿಕ್ಷಾನ ಗಡ್ಡ ಬೋಳಿಸಿ, ತಲೆ ಬಾಚಿ ಮರಳಿ ತಂದಾಗ ಎತೆಲ್ಕಾ ಒಲೆಯ ಬೂದಿ ತೋಡುತ್ತಿದ್ದಳು. ಅವನ ಕಣ್ಣು ನೇರ ಬಿಲ್ಲಿಗೆ ಹೋಯಿತು.

"ಇದೆ, ಇದೆ. ಎಲ್ಲೂ ಹೋಗಿಲ್ಲ," ಎಂದಳು ಎತೆಲ್ಕಾ. "ಭಾನುವಾರ ಹೋಗುತ್ತೆ."

ಶನಿವಾರ ಅವನ ಎದುರಿಗೇ ಅರ ಹಿಡಿದು ತುದಿಯನ್ನು ತಿದ್ದಿದಳು. ಕೊಂಬಿನ ಪುಡಿ ಸುಟ್ಟ ಕೂದಲಿನ ವಾಸನೆ ಬೀರುತ್ತ ಮಂಡಿಯ ಮೇಲೆ ಬಿತ್ತು. ಅರ ಒಮ್ಮೆ ಹೋಗಿ ಬಂದರೆ ಅವನ ತಲೆ ಒಮ್ಮೆ ಅಲ್ಲಾಡುತ್ತಿತ್ತು. ಈಗ ಕಳಚೀತು, ಈಗ ಕಳಚೀತು ಎಂದು ಕಾಯುತ್ತಿದ್ದನೋ ಏನೋ. ಕಳಚಲಿಲ್ಲ. ಸಣ್ಣ ದುಂಡು ಅರದಿಂದ ಹೆದೆಯ ಕಚ್ಚು ಕೊರೆದಳು. ಅಷ್ಟು ನೇರ ಕಚ್ಚನ್ನು ಅವನೂ ಕೊರೆದಿರಲಿಲ್ಲ. ಮಧ್ಯಾಹ್ನ ಹುರುಳಿ ಸಾರು ಕುಡಿಸಲು ಹೋದರೆ ಮಿಕ್ಷಾ ಹಲ್ಲು ಕಚ್ಚಿದ. ಸಾರು ಗದ್ದದ ಮೇಲೆ ಇಳಿಯಿತು.

ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಚೊಂಗೋರ್ ನೇರ ಬಂದ. ಕೈಯಲ್ಲಿ ಪ್ಲಮ್ ಸಾರಾಯಿಯ ಬಾಟಲಿ, ಕಾಲಲ್ಲಿ ಮಿರಮಿರ ಬೂಟು. ಮಿಕ್ಷಾನನ್ನು ನೋಡಿದವನೇ ಬಾಗಿಲಲ್ಲಿ ಒಂದು ಕ್ಷಣ ನಿಂತ. ಆಮೇಲೆ ಗಟ್ಟಿಯಾಗಿ, ಕಿವುಡರೊಡನೆ ಮಾತಾಡುವ ಹಾಗೆ ಕೂಗಿದ. "ಮೇಸ್ತ್ರಿಗಳೇ! ಏನು, ಮದುವೆ ಗಂಡಿನ ಹಾಗೆ ಗಡ್ಡ ಬೋಳಿಸ್ಕೊಂಡು ಕೂತಿದ್ದೀರಿ!"

"ಸರಿ," ಎಂದ ಮಿಕ್ಷಾ.

ಎತೆಲ್ಕಾ ಬಿಲ್ಲನ್ನು ಬಟ್ಟೆಯಿಂದ ಬಿಚ್ಚಿ ಕೊಟ್ಟಳು. ಚೊಂಗೋರ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ಮೇಲ್ತುದಿಯನ್ನೂ ಕೆಳತುದಿಯನ್ನೂ ತಿರುಗಿಸಿ ತಿರುಗಿಸಿ ನೋಡಿದ. "ಅಯ್ಯಪ್ಪಾ, ಈ ಕಚ್ಚು ನೋಡಿ! ಇಂಥ ತುದಿಯನ್ನ ನಾನು ಇವರ ಕೈಯಲ್ಲೂ ನೋಡಿರ್ಲಿಲ್ಲ. ಯಾರು ಕೂರಿಸಿದ್ದು ಚಿಕ್ಕಮ್ಮಾ?"

ಎತೆಲ್ಕಾ ಬೆಂಚಿನ ಮೇಲಿನ ಪುಡಿಯನ್ನು ಅಂಗೈಯಿಂದ ಒಟ್ಟು ಮಾಡಿದಳು.

"ಇವರೇ. ಎಡಗೈಯಲ್ಲಿ ಮಾಡಿದ್ರು. ನಾನು ಹಿಡ್ಕೊಂಡಿದ್ದೆ ಅಷ್ಟೇ."

"ಅದೇ ಅಂದ್ಕೊಂಡೆ!" ಚೊಂಗೋರ್ ಗೋಡೆಯ ಮೇಲಿನ ಕಾಗದದ ಕಡೆ ಕಣ್ಣು ಹೊಡೆದ. "ಒಂದು ಗಳಿಗೆ ಹೆದರಿಕೆ ಆಗಿತ್ತು ಚಿಕ್ಕಮ್ಮಾ, ತಪ್ಪು ತಿಳ್ಕೋಬೇಡಿ. ಜಿಡ್ಡಿನ ರುಜು ಬಿದ್ದಿದ್ರೆ ನನ್ನ ಗತಿ?"

"ತಪ್ಪೇನು," ಎಂದಳು ಎತೆಲ್ಕಾ.

ಮಿಕ್ಷಾ ಮುಂದಕ್ಕೆ ಬಾಗಿದ್ದ. ಎಡಗೈ ಚಾಚಿ ಬಿಲ್ಲಿನ ನಡುವನ್ನು ಹಿಡಿದುಕೊಂಡ. ಎಳೆದ. ಚೊಂಗೋರ್ ಬಿಡಲಿಲ್ಲ, ಇವನೂ ಬಿಡಲಿಲ್ಲ. ಕುತ್ತಿಗೆಯ ನರ ಉಬ್ಬಿ ಮುಖ ಕೆಂಪಾಯಿತು. "ಸರಿ! ಸರಿ! ಸ-ರಿ!" ಗೋಡೆಯ ಕಾಗದದ ಕಡೆಗೆ ತಲೆ ತಿರುಗಿಸಿದ, ಹೆಂಡತಿಯ ಕಡೆಗೆ ತಿರುಗಿಸಿದ, ಮತ್ತೆ ಬಿಲ್ಲಿನ ಕಡೆಗೆ. ಬಾಯಿಯ ಓರೆಯಿಂದ ಜೊಲ್ಲು ಸುರಿಯಿತು. "ಸರಿ! ಸರಿ!"

ಚೊಂಗೋರ್ ನೆಲದ ಮೇಲೆ ಮಂಡಿಯೂರಿಬಿಟ್ಟ. ಇಪ್ಪತ್ತೊಂಬತ್ತು ವರ್ಷದ ಗಂಡಸು, ಮೇಸ್ತ್ರಿಯ ತೊಡೆಗೆ ಹಣೆಯಿಟ್ಟು ಅತ್ತ. "ಕೇಳಿದ್ರಾ ಚಿಕ್ಕಮ್ಮಾ? ಐದು ವರ್ಷ ಇವರ ಹತ್ರ ಇದ್ದೆ. ಮಾಡಿದ್ದನ್ನೆಲ್ಲ ತಂದು ತೋರಿಸ್ದೆ. ಒಂದು ಸಲ, ಒಂದೇ ಒಂದು ಸಲ ಸರಿ ಅಂದಿರ್ಲಿಲ್ಲ. ಈಗ ನೋಡಿ, ನೋಡಿ..." ಮಿಕ್ಷಾ ಅವನ ಕೂದಲನ್ನು ಹಿಡಿದು ಜಗ್ಗುತ್ತಿದ್ದ. ಅದನ್ನೂ ಚೊಂಗೋರ್ ವಾತ್ಸಲ್ಯವೆಂದೇ ತಿಳಿದ.

ಕಣ್ಣೊರೆಸಿಕೊಂಡು ಎದ್ದು, ಹೆದೆಯೇರಿಸಿ, ಅಂಗಳದ ಹುಲ್ಲಿನ ಕಟ್ಟಿಗೆ ಮೂರು ಬಾಣ ಬಿಟ್ಟುನೋಡಲು ಹೊರಗೆ ಹೋದ. ಮಿಕ್ಷಾ ಕಿಟಕಿಯನ್ನೇ ನೋಡುತ್ತಿದ್ದ. ಒಂದು ಬಾಣ. ಅವನ ಮೈ ಅದುರಿತು. ಎರಡು. ಎತೆಲ್ಕಾ ಹಿಂದಿನಿಂದ ಬಂದು ಅವನ ಗದ್ದ ಒರೆಸಿದಳು. ಒರೆಸುತ್ತ, ಕಿವಿಯ ಹತ್ತಿರ ಬಾಗಿ ಹೇಳಿದಳು: "ಮೂರಕ್ಕೆ ಏನೂ ಆಗಲ್ಲ. ನೂರನೇದಕ್ಕೆ. ನೀನೇ ಹೇಳ್ಕೊಟ್ಟಿದ್ದು."

ಅಂದಿನಿಂದ ಮಿಕ್ಷಾ ಕಾಯತೊಡಗಿದ. ಗೇಟು ಸದ್ದಾದರೆ ತಲೆಯೆತ್ತುತ್ತಿದ್ದ. ಅಂಚೆಯವಳು ಬಂದರೆ ಅವಳ ಬಾಯಿಯನ್ನೇ ನೋಡುತ್ತಿದ್ದ. ಅವಳು ಬಸ್ಸಿನ ಮಾತು, ಟೊಮೇಟೊ ಸಸಿಯ ಮಾತು ಆಡಿ ಹೋಗುತ್ತಿದ್ದಳು. ಅರ್ಧ ಊಟ ಬಿಟ್ಟ. ಎತೆಲ್ಕಾ ಎಲ್ಲವನ್ನೂ ನೋಡುತ್ತಿದ್ದಳು. ಇನ್ನೊಂದು ದಿನ ಹೋಗಲಿ, ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು. ಬೆಳಿಗ್ಗೆ ಅವನ ಮುಖ ಒರೆಸುವಾಗ ಅವನು ಅವಳ ಹೆಬ್ಬೆರಳನ್ನು ಕಂಡು ಮುಖ ತಿರುಗಿಸಿದರೆ, ಆ ದಿನವೂ ಹಾಗೆಯೇ ಕಳೆಯುತ್ತಿತ್ತು.

ಹಬ್ಬದ ಸೋಮವಾರ ಸಂಜೆ ಫೋನು ಬಡಿಯಿತು. ಚೊಂಗೋರ್. ಹಿಂದೆ ಗದ್ದಲ, ಯಾರೋ ಹಾಡುತ್ತಿದ್ದರು. ಎರಡನೇ ಬಹುಮಾನ ಬಂದಿದೆ, ಇನ್ನೂರು ಬಾಣ ಬಿಟ್ಟರೂ ಬಿಲ್ಲು ಹಾಡಿದ ಹಾಗೆ ನಡೆಯಿತು, ಎಲ್ಲರೂ ತುದಿ ಮುಟ್ಟಿ ಮುಟ್ಟಿ ನೋಡಿದರು ಎಂದ. "ಮೇಸ್ತ್ರಿಗೆ ಹೇಳ್ಬಿಡಿ ಚಿಕ್ಕಮ್ಮಾ. ನಾವು ಮನೆಯೋರೆಲ್ಲ ನಾಳೆ ಬೆಳಿಗ್ಗೆ ಕುದುರೆಗಳನ್ನೂ ಕರ್ಕೊಂಡು ಜರ್ಮನಿಗೆ ಹೊರಟ್ವಿ, ಬೇಸಿಗೆ ಪೂರ್ತಿ ಅಲ್ಲೇ ಆಟ. ಬರೋದು ಸೆಪ್ಟೆಂಬರಿಗೇ."

"ಆಗ್ಲಪ್ಪ, ಹೇಳ್ತೀನಿ."

ಫೋನಿಟ್ಟು ತಿರುಗಿದರೆ ಮಂಚದಿಂದ ಮಿಕ್ಷಾನ ಒಂಟಿ ಕಣ್ಣು ಅವಳನ್ನೇ ಹಿಡಿದಿತ್ತು. "ಸರಿ?" ಎಂದ. ಮೊದಲ ಸಲ ಅದು ಪ್ರಶ್ನೆಯಂತೆ ಕೇಳಿಸಿತು.

ಇನ್ನೂರು ಬಾಣ. ಮಿಕ್ಷಾನ ಹೆಸರಿಗೆ ಹೋದ ಇನ್ನೂರು ಬಾಣ.

"ಹಾಲಿನವನು," ಎಂದಳು ಎತೆಲ್ಕಾ. "ನಾಳೆ ಬರಲ್ವಂತೆ."

ಮಂಗಳವಾರ ನಡುಮಧ್ಯಾಹ್ನ ಅವಳು ತೋಟದಿಂದ ಮಡಿಲು ತುಂಬ ಬಟಾಣಿ ಕಿತ್ತುಕೊಂಡು ಬಂದಾಗ ಒಳಗಿನಿಂದ ದನಿ ಕೇಳಿಸಿತು. ಯಾರೊಂದಿಗೋ ಮಾತಾಡುತ್ತಿರುವ ದನಿ. ಏರಿ, ಇಳಿದು, ಬೇಡಿಕೊಂಡು. "ಸರಿ. ಸರಿ ಸರಿ. ಸರಿ?" ಮಿಕ್ಷಾ ನೆಲದ ಮೇಲಿದ್ದ. ಮಂಚದಿಂದ ಉರುಳಿ, ಎಡಮೊಣಕೈಯಲ್ಲಿ ತೆವಳಿಕೊಂಡು ಕೋಣೆಯುದ್ದಕ್ಕೂ ಬಂದಿದ್ದ. ಬಂದ ದಾರಿಯಲ್ಲಿ ಒದ್ದೆಯ ಪಟ್ಟೆ. ತಂತಿ ಹಿಡಿದು ಎಳೆದ ಫೋನು ಎದೆಯ ಹತ್ತಿರ ಬಿದ್ದಿತ್ತು. ತೋರುಬೆರಳನ್ನು ತೂತಿಗೆ ಹಾಕಿ ಡಯಲನ್ನು ತಿರುಗಿಸುತ್ತಿದ್ದ. ಯಾವುದೋ ಒಂದು ಅಂಕಿ, ಮತ್ತೆ ಯಾವುದೋ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಚೊಂಗೋರನ ಆರಂಕಿಯ ನಂಬರನ್ನು ನೋಡುತ್ತ ತಿರುಗಿಸುತ್ತಿದ್ದ. ಆದರೆ ಅಂಕಿಗಳು ಅವನ ಕಣ್ಣಿಗೆ ಸಿಕ್ಕುತ್ತಿರಲಿಲ್ಲ. ರಿಸೀವರು ಕೊಂಯ್ ಎನ್ನುತ್ತಿತ್ತು. ಅದಕ್ಕೇ ಅವನು ಹೇಳುತ್ತಿದ್ದ, ಸರಿ, ಸರಿ.

ಬಟಾಣಿ ನೆಲಕ್ಕೆ ಸುರಿಯಿತು.

"ಏನ್ ಮಾಡ್ತಿದ್ದೀರಿ!" ಎಂದಳು. ಯಾವಾಗಲೋ ಬಿಟ್ಟಿದ್ದ "ನೀವು" ಈಗ ತಾನಾಗಿಯೇ ಬಂತು. ಪಕ್ಕದಲ್ಲಿ ಕುಸಿದು ಕುಳಿತು ಅವನ ತಲೆಯನ್ನು ಎತ್ತಿ ಮಡಿಲಿಗೆ ತೆಗೆದುಕೊಂಡಳು. "ಕೇಳಿ ಇಲ್ಲಿ. ಬಿಲ್ಲಿಗೇನೂ ಆಗಿಲ್ಲ. ಗುರುವಾರ ನರ್ಸಮ್ಮ ಬಂದಾಗ ನಾನು ಎಲ್ಲ ಕಿತ್ತು ಮತ್ತೆ ಅಂಟಿಸ್ದೆ. ಸ್ಪಿರಿಟ್ಟಲ್ಲಿ ಮೂರು ಸಲ ಒರೆಸ್ದೆ. ಅಂಚು ಬಿಟ್ಟು ಬೇರೆಲ್ಲೂ ಮುಟ್ಲಿಲ್ಲ. ಗಟ್ಟಿಯಾಗಿದೆ, ಕೇಳಿಸ್ತಾ? ಚೊಂಗೋರ ಚೆನ್ನಾಗಿದಾನೆ. ನಿನ್ನೆ ಅವನೇ ಫೋನ್ ಮಾಡಿದ್ದು."

ಮಿಕ್ಷಾ ಅವಳನ್ನು ನೋಡಿದ. ತುಂಬ ಹೊತ್ತು ನೋಡಿ, ಅವಳ ಬಲಗೈಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿದ. ಅವಳ ಹೆಬ್ಬೆರಳನ್ನು ತನ್ನ ಹೆಬ್ಬೆರಳಿನಿಂದ ಉಜ್ಜಿದ, ಅಂಗಡಿಯವನು ನಾಣ್ಯ ಉಜ್ಜುವ ಹಾಗೆ. ಮತ್ತೆ ಕೈಬಿಟ್ಟ.

"ಸರಿ," ಎಂದ.

"ನಂಬಲ್ವಾ? ನಿಲ್ಲಿ. ನಿಲ್ಲಿ, ಅವನ ಹತ್ರವೇ ಮಾತಾಡ್ಸ್ತೀನಿ." ಅವಳು ರಿಸೀವರನ್ನು ಕಿತ್ತುಕೊಂಡು ಗೋಡೆಯ ನಂಬರನ್ನು ತಿರುಗಿಸಿದಳು. ಒಂದು ಅಂಕಿ ತಪ್ಪಿತು, ಮತ್ತೆ ತಿರುಗಿಸಿದಳು. ಆ ಕಡೆ ಗಂಟೆ ಬಡಿಯತೊಡಗಿತು. ಅವಳು ಅದನ್ನು ಅವನ ಕಿವಿಗೆ ಹಿಡಿದಳು. ಗಂಟೆ ಬಡಿಯಿತು. ಬಡಿಯಿತು. ಹನ್ನೆರಡು, ಹದಿಮೂರು. ಯಾರೂ ಎತ್ತಲಿಲ್ಲ. ಆಗ ಅವಳಿಗೆ ನೆನಪಾಯಿತು.

"ಜರ್ಮನಿಗೆ ಹೋಗಿದಾರೆ," ಎಂದಳು. "ಇವತ್ತು ಬೆಳಿಗ್ಗೆ. ಅವನೇ ಹೇಳಿದ ನಿನ್ನೆ, ಮನೆಯೋರೆಲ್ಲ..." ಹೇಳುತ್ತಿದ್ದಂತೆ ತನ್ನ ದನಿ ತನಗೇ ಸುಳ್ಳಿನಂತೆ ಕೇಳಿಸಿತು. ನಿನ್ನೆ ಅವಳು ಹೇಳಿದ್ದು ಹಾಲಿನವನು ಎಂದು.

ಮಿಕ್ಷಾ ಕಿವಿಯನ್ನು ಕದಲಿಸಲಿಲ್ಲ. ಖಾಲಿ ಮನೆಯಲ್ಲಿ ಬಡಿಯುವ ಗಂಟೆಯನ್ನು ಕೊನೆಯವರೆಗೆ ಕೇಳಿದ. ಎಡಗಣ್ಣಿನಿಂದ ನೀರು ಇಳಿದು ಅವಳ ಮಡಿಲನ್ನು ತೋಯಿಸಿತು.

ಅವಳು ಅವನನ್ನು ತೊಳೆದು, ಬಟ್ಟೆ ಬದಲಿಸಿ, ಮಂಚಕ್ಕೆ ಎಳೆದು ಮಲಗಿಸಿದಳು. ನೆಲದಿಂದ ಬಟಾಣಿಯನ್ನು ಒಂದೊಂದೇ ಆರಿಸಿದಳು. ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಸಿಪ್ಪೆ ಬಿಡಿಸತೊಡಗಿದಳು. ಕಾಳು ಪಾತ್ರೆಗೆ ಬೀಳುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಹೊದಿಕೆಯ ಮೇಲೆ ಅವನ ತೋರುಬೆರಳು ಸಣ್ಣಗೆ ಸುತ್ತುತ್ತಿತ್ತು. ಒಂದು ಸುತ್ತು, ತಡೆದು ಇನ್ನೊಂದು, ಮತ್ತೊಂದು. ಆರನೆಯದು ಮುಗಿದ ಮೇಲೆ ಬೆರಳು ನಿಂತಿತು. ಯಾರಾದರೂ ಎತ್ತಿಕೊಳ್ಳಲೆಂದು ಕಾದಿತು. ಆಮೇಲೆ ಮತ್ತೆ ಮೊದಲಿನಿಂದ ಸುತ್ತತೊಡಗಿತು.